ಲಾರಿ ನೋಡಿ ಕೊಂಡ ಷೇರು

ನಮ್ಮ ಯಜಮಾನರಿಗೆ ಪೇಪರಿನ ಷೇರು ಪುಟ ಅರ್ಥವಾಗುತ್ತಿರಲಿಲ್ಲ. ಅರ್ಥವಾಗಿದ್ದರೂ ನಂಬುತ್ತಿರಲಿಲ್ಲ ಬಿಡಿ. ಅವರು ನಂಬಿದ್ದು ಲಾರಿಗಳನ್ನು. ನಮ್ಮೂರಿನ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಮಾಲು ತುಂಬಿಸಿ ಕಳಿಸುವ ಕೆಲಸ ಅವರದು. ಅಲ್ಲಿ ತಯಾರಾಗುತ್ತಿದ್ದ ಸರ್ಕ್ಯೂಟ್ ಬೋರ್ಡುಗಳೆಲ್ಲ ಬೆಂಗಳೂರಿನ ಕಂಪ್ಯೂಟರ್ ಕಂಪನಿಯೊಂದಕ್ಕೆ ಹೋಗುತ್ತಿದ್ದವು. ತೊಂಬತ್ತರ ದಶಕದ ಕೊನೆ, ಹಾಲು ಹಾಕುವವನ ಬಾಯಲ್ಲೂ ಟೆಕ್ನಾಲಜಿ ಷೇರಿನ ಮಾತು. ಗೇಟಿನಿಂದ ಹೆಚ್ಚು ಲಾರಿ ಹೊರಟರೆ ಇವರು ಆ ಕಂಪನಿಯ ಷೇರು ಕೊಳ್ಳುವುದು, ಕಡಿಮೆಯಾದರೆ ಮಾರುವುದು. ಶಿಫ್ಟಿನ ಬಸ್ಸಿನಲ್ಲಿ ಅರ್ಧಕ್ಕರ್ಧ ಜನ ಇವರನ್ನು ಕೇಳಿಯೇ ಕೊಳ್ಳುತ್ತಿದ್ದರು. ಸುಳ್ಳು ಹೇಳಬಾರದು, ಮೊದಮೊದಲು ಲಾಭವೇ ಬಂತು. ಮನೆಗೆ ಫ್ರಿಜ್ ಬಂದದ್ದು ಅದರಲ್ಲೇ.

ನನಗೆ ಫ್ರಿಜ್ ಬೇಕಿರಲಿಲ್ಲ. ಸ್ವಂತ ಮನೆ ಬೇಕಿತ್ತು. ಮದುವೆಯಾದಾಗಿನಿಂದ ಬನ್ನಿಮಂಟಪದ ಬಾಡಿಗೆ ಮನೆಗಳಲ್ಲೇ ಇದ್ದು, ಮೊಳೆ ಹೊಡೆಯಬೇಡಿ, ನೆಂಟರು ಜಾಸ್ತಿಯಾದರು ಎಂದು ಓನರುಗಳಿಂದ ಅನ್ನಿಸಿಕೊಂಡು ಸಾಕಾಗಿತ್ತು. ದಟ್ಟಗಳ್ಳಿಯಲ್ಲಿ ಹೇಗೋ ಒಂದು ಸೈಟು ಮಾಡಿಕೊಂಡಿದ್ದೆವು. ಭಾನುವಾರ ಸ್ಕೂಟರಿನಲ್ಲಿ ಹೋಗಿ, ಮುಳ್ಳುಗಿಡಗಳ ನಡುವೆ ನಿಂತು, ಅಡುಗೆಮನೆ ಎಲ್ಲಿ, ದೇವರಮನೆ ಎಲ್ಲಿ ಎಂದು ಜಗಳವಾಡಿ ಬರುತ್ತಿದ್ದೆವು. ಅಂಥ ಸುಖದ ಜಗಳ ಆಮೇಲೆ ನಮಗೆ ಸಿಗಲಿಲ್ಲ.

ಒಂದು ಸಲ ಷೇರು ಬೀಳಲು ಶುರುವಾಯಿತು. ಒಂದು ದಿನ ಏರಿದರೆ ನಾಲ್ಕು ದಿನ ಇಳಿಯುವುದು. ಬಸ್ಸಿನವರೆಲ್ಲ ಹೆದರಿ ಮಾರಿಕೊಂಡರು. ಇವರು ಮಾತ್ರ ನಗುತ್ತಲೇ ಮನೆಗೆ ಬರುತ್ತಿದ್ದರು, ಯಾಕೆಂದರೆ ಗೇಟಿನಲ್ಲಿ ಲಾರಿಗಳು ಕಡಿಮೆಯಾಗಿರಲಿಲ್ಲ, ಹೆಚ್ಚಾಗಿದ್ದವು.

“ಮಾಲು ಹೋಯ್ತಾನೇ ಅದೆ ಕಣೆ. ಮುಳುಗೋ ಕಂಪ್ನಿ ಇಷ್ಟೊಂದು ಬೋರ್ಡು ಯಾಕ್ ತರಿಸ್ಕೊತದೆ? ಈಗ ಅಗ್ಗಕ್ಕೆ ಸಿಗ್ತದೆ, ಸೈಟು ಕೊಟ್ಬುಟ್ಟು ಷೇರು ತಗೊಳಣ. ಸೈಟೂ ವಾಪಸ್ ಬತ್ತದೆ, ಮನೇನೂ ಆಯ್ತದೆ.”

“ಬ್ಯಾಡ ಕಣ್ರೀ. ಇರೋದೂ ಕಳ್ಕೊಂಡ್ಬುಟ್ಟೀವಿ,” ಎಂದೆ.

“ನಿಂಗ್ ಗೊತ್ತಾಗಕಿಲ್ಲ, ಸುಮ್ನಿರು. ನಾನು ಕಣ್ಣಾರೆ ನೋಡ್ತಿವ್ನಿ.”

ಕಣ್ಣಾರೆ ನೋಡಿದ್ದೇ ಮುಳುವಾಯಿತು. ಸೈಟು ಮಾರಿದರು, ಷೇರು ಕೊಂಡರು. ನಿಜ ಏನೆಂದು ತಿಳಿದದ್ದು ತಡವಾಗಿ. ಅದೇ ಬೋರ್ಡನ್ನು ಇನ್ನೂ ಅಗ್ಗಕ್ಕೆ ಕೊಡುವ ಹೊರದೇಶದವರು ಬಂದಿದ್ದರಂತೆ. ಆರ್ಡರು ಕೈತಪ್ಪೀತೆಂದು ನಮ್ಮ ಕಾರ್ಖಾನೆಯವರು ರೇಟು ಇಳಿಸಿ, ಒಂದಕ್ಕೆರಡು ಮಾಲು ಸಾಗಹಾಕುತ್ತಿದ್ದರು. ಬೆಂಗಳೂರಿನಲ್ಲಿ ಕಂಪ್ಯೂಟರು ಕೊಳ್ಳುವವರಿಲ್ಲದೆ ಬೋರ್ಡುಗಳೆಲ್ಲ ಗೋಡೌನಿನಲ್ಲಿ ಕೊಳೆಯುತ್ತಿದ್ದವು. ಕೊನೆಗೆ ಆ ಷೇರನ್ನು ಮೂಸಿ ನೋಡುವವರೂ ಇಲ್ಲವಾದರು. ಉಳಿದಿದ್ದ ಚೂರುಪಾರು ಆರ್ಡರೂ ಹೊರದೇಶದವರ ಪಾಲಾಯಿತು, ಇವರ ಕೆಲಸವೂ ಹೋಯಿತು.

ಬೈದೆ. ನನ್ನದು ಮೊದಲೇ ಬೊಂಬಾಯಿ ಬಾಯಿ, ಬಾಯಿಗೆ ಬಂದಂತೆ ಬೈದೆ. ಅವರು ತಲೆ ತಗ್ಗಿಸಿ ಅನ್ನ ಕಲಸುತ್ತಾ ಕೂತಿರುತ್ತಿದ್ದರು. ತಿರುಗಿ ಒಂದು ಮಾತಾಡಿದ್ದರೆ ನನ್ನ ಸಿಟ್ಟಾದರೂ ಇಳಿಯುತ್ತಿತ್ತು. ಆ ಮನುಷ್ಯನ ಮುಖ ನೋಡಲಾಗದೆ ಬೈಯುವುದನ್ನೇ ಬಿಟ್ಟೆ. ಅಕ್ಕಿ ಮಂಡಿಯೊಂದರಲ್ಲಿ ಕೆಲಸಕ್ಕೆ ಸೇರಿಕೊಂಡರು. ಕೆಲವು ವರ್ಷ ಕಳೆದ ಮೇಲೆ ಅಲ್ಲೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮನೆಯೊಳಗೆ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಭಜನೆ ಮಾಡಿ, ಆಮೇಲೆ ಮಣ್ಣಿಗೆ ಒಯ್ಯುತ್ತೇವೆ. ಆಂಬುಲೆನ್ಸು ಮನೆ ಮುಂದೆ ನಿಂತಾಗ ಓನರು ಗೇಟಿಗೆ ಅಡ್ಡ ನಿಂತಿದ್ದರು. ಕೆಟ್ಟವರೇನಲ್ಲ, ಕೈ ಮುಗಿದುಕೊಂಡೇ ಹೇಳಿದರು. “ತಪ್ಪು ತಿಳ್ಕೋಬ್ಯಾಡಿ ಕಣಮ್ಮ. ಒಳಗೆ ಕೂರಿಸ್ಬುಟ್ರೆ ನಾಳೆ ಈ ಮನೆಗೆ ಯಾರೂ ಬಾಡಿಗೆಗೆ ಬರಕಿಲ್ಲ.”

ಬೀದಿಯಲ್ಲಿ ಶಾಮಿಯಾನ ಹಾಕಿಸಿ, ಪಕ್ಕದ ಮನೆಯವರು ಕೊಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರನ್ನು ಕೂರಿಸಿದೆವು. ಕುರ್ಚಿಯ ಬೆನ್ನು ಗಿಡ್ಡ, ತಲೆ ಹಿಂದಕ್ಕೆ ವಾಲುತ್ತಿತ್ತು. ಭಜನೆ ಮುಗಿದು ಅವರನ್ನು ಎತ್ತುವವರೆಗೂ ನಾನು ಹಿಂದೆ ನಿಂತು ಆ ತಲೆಯನ್ನು ನನ್ನ ಹೊಟ್ಟೆಗೆ ಒರಗಿಸಿಕೊಂಡಿದ್ದೆ.