ಹತ್ತನೆಯ ಅಂಗಿ

ಸ್ರೇತಾ ಮೇಸ್ತ್ರಿ ತೀರಿಕೊಂಡಾಗ ಅವನ ಕಪಾಟಿನಲ್ಲಿ ಅರವತ್ತೊಂದು ಹೊಸ ಅಂಗಿಗಳಿದ್ದವು. ಹೆಚ್ಚಿನವುಗಳ ಕಾಲರಿಗೆ ಚುಚ್ಚಿದ ಗುಂಡುಸೂಜಿಯನ್ನು ಕೂಡ ತೆಗೆದಿರಲಿಲ್ಲ. ಅವನು ಚಾವಣಿ ಏರಿಸುವ ಬಡಗಿ. ಡಾನ್ಯೂಬ್ ದಡದ ನಮ್ಮ ಕೋವಿನ್ ಊರಿನಲ್ಲಿ ಚಾವಣಿ ಏರಿದ ದಿನ ಕಟ್ಟಡದ ಯಜಮಾನರು ಅದರ ನೆತ್ತಿಯಲ್ಲಿ ಹಗ್ಗ ಕಟ್ಟಿ, ದುಡಿದ ಒಬ್ಬೊಬ್ಬ ಮೇಸ್ತ್ರಿಯ ಹೆಸರಲ್ಲೂ ಒಂದೊಂದು ಅಂಗಿ ತೂಗುಹಾಕುತ್ತಾರೆ. ಬೀದಿಯಲ್ಲಿ ಹೋಗುವವರು ತಲೆ ಎತ್ತಿ ಎಣಿಸಿ, "ಆರು ಜನ ಕಟ್ಟಿದ ಮನೆ" ಎನ್ನುತ್ತಾರೆ. ಕೈಗೆ ಕೊಟ್ಟರೆ ಅದು ಬರೀ ಬಟ್ಟೆ. ಮೇಲೆ ತೂಗಿ ಇಳಿದರೆ ಮಾತ್ರ ಮೇಸ್ತ್ರಿಯ ಅಂಗಿ.

ಸ್ರೇತಾನ ಮಗಳು ವೀದಾ ಚಿಕ್ಕವಳಿದ್ದಾಗ ಕೇಳುತ್ತಿದ್ದಳಂತೆ:

"ಅಪ್ಪಾ, ನನಗ್ಯಾವಾಗ ಸಿಗತ್ತೆ?"

"ಮೇಲೆ ಹತ್ತು, ಸಿಗತ್ತೆ."

ಏಣಿಯ ಹತ್ತಿರ ಹೋದರೆ ಮಾತ್ರ ಕಿವಿ ಹಿಂಡಿ ಮನೆಗೆ ಕಳಿಸುತ್ತಿದ್ದ.

ವೀದಾ ಚಾವಣಿ ಹತ್ತಲಿಲ್ಲ, ಊರಿನ ಅಂಗಿ ಕಾರ್ಖಾನೆ ಸೇರಿದಳು. ಹತ್ತೊಂಬತ್ತು ವರ್ಷ ಅವಳು ಕಾಲರ್ ಹೊಲಿದಳು, ಪಕ್ಕದ ಯಂತ್ರದಲ್ಲಿ ಕೂತು ನಾನು ಗುಂಡಿಗೆ ಕಾಜ ಹಾಕಿದೆ. "ನಾವು ಹೊಲಿದ ಅಂಗಿ ಚಾವಣಿ ಹತ್ತಿ ಇಳಿದು ಅಪ್ಪನ ಕಂಕುಳಲ್ಲಿ ಮನೆಗೆ ಬರತ್ತೆ ಕಣೇ. ಅಂಗಿಗಿರೋ ಯೋಗ ನನಗಿಲ್ಲ ನೋಡು" ಎಂದು ನಗುತ್ತಿದ್ದಳು. ನಗುವಿನೊಳಗೆ ಏನಿತ್ತೆಂದು ಅಷ್ಟು ವರ್ಷ ಪಕ್ಕದಲ್ಲಿ ಕೂತವಳಿಗೆ ಗೊತ್ತಾಗುತ್ತಿತ್ತು.

ಕಾರ್ಖಾನೆ ಮುಚ್ಚಿತು. ನಾನು ಸಂತೆಯಲ್ಲಿ ಜೇನು ಮಾರಲು ಕೂತೆ. ಅವಳು ಮನೆಮನೆಗೆ ಪರದೆ ಹೊಲಿದು ಕೊಡತೊಡಗಿದಳು. ಹಾಗೆ ಒಂದು ದಿನ ಉರೋಶ್ ಎಂಬ ಎಂಜಿನಿಯರನ ಕಚೇರಿಗೆ ಕಿಟಕಿಯ ಅಳತೆ ತೆಗೆಯಲು ಹೋದಳು. ಅವನು ಕಂಪ್ಯೂಟರಿನಲ್ಲಿ ಒಂದು ಉಗ್ರಾಣದ ಚಾವಣಿ ಬಿಡಿಸುತ್ತಿದ್ದ. ಮೇಲೊಂದು ಕೆಳಗೊಂದು ಕಬ್ಬಿಣದ ಉದ್ದ ಪಟ್ಟಿ, ನಡುವೆ ಓರೆ ಸರಳುಗಳ ಜಾಲರಿ. ಅದರ ಹೆಸರು ಟ್ರಸ್ ಎಂದು ಅವಳಿಗೆ ಆಮೇಲೆ ತಿಳಿಯಿತು. ಅವತ್ತು ಕಂಡದ್ದು ಬೇರೆ.

"ಇದರಲ್ಲಿ ಒಂದು ಸರಳು ಜಾಗ ತಪ್ಪಿದೆ ಕಣಪ್ಪ" ಎಂದಳಂತೆ. "ಮೂರು ಹೊಲಿಗೆ ಸೇರೋ ಕಡೆ ಒಂದೇ ಚುಕ್ಕಿಗೆ ಸೇರಬೇಕು. ಇದು ಬೆರಳಷ್ಟು ಆಚೆ ಹೋಗಿದೆ."

ಅವನು ದೊಡ್ಡದು ಮಾಡಿ ನೋಡಿದ. ಹೋಗಿತ್ತು.

ನಲವತ್ಮೂರನೆಯ ವಯಸ್ಸಿನಲ್ಲಿ ವೀದಾ ಅವನ ಕಚೇರಿಯಲ್ಲೇ ಕೆಲಸಕ್ಕೆ ಸೇರಿ ಮೌಸ್ ಹಿಡಿದಳು. ದೇವರು ಕೈಗುಣ ಕೊಟ್ಟರೆ ಅದನ್ನು ಎಲ್ಲಿ ಬಳಸಬೇಕೆಂದು ಮೊದಲೇ ಹೇಳುವುದಿಲ್ಲ, ಅದು ನಾವು ಕಂಡುಕೊಳ್ಳಬೇಕಾದ್ದು. ಹೊಲಿದ ಅಂಗಿಯನ್ನು ಒಳಮಗ್ಗುಲಾಗಿಸಿ ನೋಡುವ ಹಾಗೆ ಅವಳು ಕಂಪ್ಯೂಟರಿನ ಪರದೆಯ ಮೇಲೆ ಕಟ್ಟಡವನ್ನು ತಿರುಗಿಸಿ, ಅಡಿಯಿಂದ, ಒಳಗಿನಿಂದ ಜೋಡಣೆಗಳನ್ನು ನೋಡುತ್ತಿದ್ದಳು. ಟ್ರಸ್ಸು ಅವಳಿಗೆ ಮೈಕಟ್ಟು, ಮೇಲಿನ ತಗಡು ಬಟ್ಟೆ. ಹನ್ನೊಂದು ವರ್ಷದಲ್ಲಿ ಎಷ್ಟೋ ಚಾವಣಿಗಳು ಅವಳ ಪರದೆಯಿಂದ ಹೊರಟು ಊರೂರಲ್ಲಿ ನಿಂತವು. ಎಲ್ಲದರ ಮೇಲೂ ಅಂಗಿ ತೂಗಿದವು. ಅವಳ ಹೆಸರಿನದು ಒಂದೂ ಇರಲಿಲ್ಲ.

ಕಳೆದ ವರ್ಷ ನಮ್ಮ ಸಂತೆಗೇ ಚಾವಣಿ ಬಂತು. ಒಂಬತ್ತು ಟ್ರಸ್ಸು, ಎರಡು ಇಳಿಜಾರು, ಮೇಲೆ ತಗಡಿನ ಹೊದಿಕೆ. ಮಾದರಿ ಮಾಡಿದವಳು ವೀದಾ ಒಬ್ಬಳೇ. ಅಂಗಿ ಹಾಕಬೇಕಾದ ಯಜಮಾನರು ಸಂತೆಯ ಹೆಂಗಸರಾದ ನಾವೇ. ನಮ್ಮ ಮುಖಂಡಳು ಗಿಣ್ಣು ಮಾರುವ ಪೆರ್ಸಿದಾ ಫೋನಿನಲ್ಲಿ ಉರೋಶನನ್ನು ಕೇಳಿದಳು, "ಮೇಸ್ತ್ರಿಗಳು ಎಷ್ಟು ಜನ?" ಅವನು ಒಂಬತ್ತು ಎಂದ.

ಆ ಸಂಜೆ ವೀದಾ ನನ್ನ ಅಡುಗೆಮನೆಯಲ್ಲಿ ಕಾಫಿ ಆರಿಸುತ್ತಾ ಕೂತಳು.

"ಒಂಬತ್ತು ಅಂದ ಕಣೇ. ನಾನು ಪಕ್ಕದಲ್ಲೇ ಕೂತಿದ್ದೆ."

"ಪೆರ್ಸಿದಾಗೆ ನಾನು ಹೇಳ್ಲಾ?"

"ಬೇಡ, ಚಾವಣಿ ದಿನ ನಾನೇ ಹೇಳ್ತೀನಿ. ಈ ಚಾವಣಿ ಮೊದಲು ಎದ್ದಿದ್ದು ನನ್ನ ಕೈಯಲ್ಲಿ, ನಾನೂ ಮೇಸ್ತ್ರೀನೇ ಅಂತ. ಬಾಯಿ ಬಿಟ್ಟು ಕೇಳೇಬಿಡ್ತೀನಿ."

ಚಾವಣಿ ಏರುವ ದಿನ ಬೆಳಿಗ್ಗೆ ಡಾನ್ಯೂಬ್ ಕಡೆಯಿಂದ ಕೊಶಾವಾ ಎದ್ದಿತ್ತು. ನಮ್ಮ ಈ ಗಾಳಿ ಒಮ್ಮೆ ಬೀಸಲು ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ, ಬರುವುದು ಮಾತ್ರ ಯಾವಾಗಲೂ ಒಂದೇ ದಿಕ್ಕಿನಿಂದ, ಪೂರ್ವದ ಕಡೆಯಿಂದ. ವೀದಾ ಧೈರ್ಯಕ್ಕೆಂದು ಅಪ್ಪನ ಹಳೆಯ ಕೋಟು ತೊಟ್ಟು ಹೊರಟಳು. ಗಾಳಿ ಬಲಗಡೆಯಿಂದ ಬಂದು ಕೋಟಿನ ಅಂಚಿನಡಿ ನುಗ್ಗಿ, ಅವಳನ್ನು ಹಿಟ್ಟಿನ ಚೀಲದ ಹಾಗೆ ಉಬ್ಬಿಸಿತು. ತಲೆವಸ್ತ್ರ ಹಾರಿತು. ಹಿಡಿಯಲು ಹಿಂದೆ ತಿರುಗಿದಳು. ತಿರುಗಿದೊಡನೆ ಕೋಟು ಮೈಗೆ ಅಂಟಿ ಮುಚ್ಚಿಕೊಂಡಿತು. ಮತ್ತೆ ಮುಂದೆ ತಿರುಗಿದರೆ ಮತ್ತೆ ಉಬ್ಬು. ಕೋಟು ಅದೇ, ಗುಂಡಿ ಅವೇ, ತಿರುಗಿದ್ದು ಅವಳು.

ಅಲ್ಲೇ ನಿಂತುಬಿಟ್ಟಳು.

ತಗಡುಗಳೂ ಅಂಗಿಯ ಎದೆಯ ಹಾಗೆಯೇ ಒಂದರ ಅಂಚು ಇನ್ನೊಂದರ ಮೇಲೆ ಬರುವ ಹಾಗೆ ಕೂರುತ್ತವೆ. ಅಂಚಿನ ಬಾಯಿ ಗಾಳಿಗೆ ಬೆನ್ನು ಮಾಡಿರಬೇಕು. ವೀದಾ ಮಾದರಿಯಲ್ಲಿ ದಕ್ಷಿಣದ ಇಳಿಜಾರಿಗೆ ಸರಿಯಾಗಿ ಹೊದಿಸಿ, ಅದನ್ನೇ ಅರ್ಧ ಸುತ್ತು ತಿರುಗಿಸಿ ಉತ್ತರದ ಇಳಿಜಾರಿಗೆ ಕೂರಿಸಿದ್ದಳು. ಗಂಡಸರ ಅಂಗಿ ಯಾವಾಗಲೂ ಎಡ ಬಲದ ಮೇಲೆ. ಹತ್ತೊಂಬತ್ತು ವರ್ಷದ ರೂಢಿ ಅವಳ ಕಣ್ಣಿಗೆ ಎರಡೂ ಕಡೆ ಸರಿ ಎಂದಿತ್ತು. ಸಾಫ್ಟ್‌ವೇರೂ ತಪ್ಪು ಹಿಡಿಯಲಿಲ್ಲ. ತಗಡಿಗೆ ತಗಡು ಡಿಕ್ಕಿ ಹೊಡೆದರೆ ಅದಕ್ಕೆ ಗೊತ್ತಾಗುತ್ತದೆ, ಕೊಶಾವಾ ಗೊತ್ತಿಲ್ಲ. ಉತ್ತರದ ಇಳಿಜಾರು ಪೂರ್ತಿ ಗಾಳಿಗೆ ಬಾಯಿ ತೆರೆದು ಕೂರಲಿತ್ತು.

ಅವಳು ಉರೋಶನಿಗೆ ಫೋನ್ ಮಾಡಿದಳು.

"ವೀದಕ್ಕ, ಅದಕ್ಕೇನು, ಇನ್ನೊಂದು ಸಾಲು ಸ್ಕ್ರೂ ಹೊಡೆಸಿದ್ರೆ ಆಯ್ತು ಬಿಡಿ. ಯಾರಿಗೂ ಗೊತ್ತಾಗಲ್ಲ."

"ಗಾಳಿಗೆ ಗೊತ್ತಾಗತ್ತೆ ಕಣಪ್ಪ" ಎಂದು ಫೋನಿಟ್ಟಳು.

ಸಂತೆಯೊಳಗೆ ಅವಳು ಓಡಿ ಬಂದದ್ದನ್ನು ನಾನೇ ನೋಡಿದೆ. ದಕ್ಷಿಣದ ಇಳಿಜಾರು ಮುಗಿದಿತ್ತು. ಉತ್ತರದಲ್ಲಿ ಮೂರು ತಗಡು ಕೂತಿದ್ದವು. ಕೆಲಸದವರೆಲ್ಲ ದೂರದ ಬೆಟ್ಟದ ಸೀಮೆಯವರು, ನಮ್ಮ ಗಾಳಿಯ ಪರಿಚಯವಿಲ್ಲ. ಕೆಳಗೆ ಪೆರ್ಸಿದಾ ಒಂಬತ್ತು ಅಂಗಿಗಳನ್ನು ಹಗ್ಗಕ್ಕೆ ಪೋಣಿಸುತ್ತಿದ್ದಳು. ವೀದಾ ಆ ಅಂಗಿಗಳನ್ನು ಒಂದು ಸಲ ನೋಡಿದಳು. ಆಮೇಲೆ ಕತ್ತೆತ್ತಿ ಕೂಗಿದಳು:

"ಮೇಸ್ತ್ರೀ! ನಿಲ್ಲಿಸಿ! ತಪ್ಪಾಗಿದೆ!"

ತಂಡದ ಹಿರಿಯ ಗೊಯ್ಕೊ ಮೇಲಿನಿಂದ ಬಗ್ಗಿದ. "ಏನ್ ತಪ್ಪಾತ್ರೀ? ನಕ್ಷೆದಾಗ ಇದ್ದಂಗ ಹೊಡದೀವಿ."

"ನಕ್ಷೇನೇ ತಪ್ಪು. ಮಾಡಿದವಳು ನಾನು."

ಪೆರ್ಸಿದಾಳ ಕೈಯಲ್ಲಿ ಹಗ್ಗ ಹಾಗೇ ನಿಂತಿತು. ಈ ಮಾತಾದ ಮೇಲೆ ಅಂಗಿ ಕೇಳುವ ಬಾಯಿ ಎಲ್ಲಿಂದ ಬರಬೇಕು? ನಾನು ಜೇನಿನ ಬಾಟಲಿಗಳ ಹಿಂದೆ ಕೂತು ಮನಸ್ಸಿನಲ್ಲೇ ದೇವಮಾತೆಯ ಹೆಸರು ಹೇಳಿಕೊಂಡೆ.

ವೀದಾ ಕೋಟಿನ ಗುಂಡಿ ಹಿಡಿದು ತೋರಿಸಿದಳು. "ಎಲ್ಲಾ ಬಿಚ್ಚಿ, ಒಂದೊಂದು ತಗಡನ್ನೂ ತಲೆಕಡೆ ಕಾಲು ಮಾಡಿ ತಿರುಗಿಸಿ. ಪಶ್ಚಿಮದ ತುದಿಯಿಂದ ಶುರು ಮಾಡಿ. ಕತ್ತರಿಸೋದು ಏನೂ ಇಲ್ಲ. ನೀವು ಗಂಡಸರ ಅಂಗಿ ತೊಡಿಸಿದ್ದೀರಿ, ಈ ಕಡೆಗೆ ಹೆಂಗಸರ ರವಿಕೆ ಬೇಕು."

ಮೇಲಿದ್ದ ಎಂಟು ಜನ ನಕ್ಕರು. ಗೊಯ್ಕೊ ನಗಲಿಲ್ಲ. ಬೆರಳಿಗೆ ಎಂಜಲು ಹಚ್ಚಿ ಗಾಳಿಗೆ ಹಿಡಿದ. ಕೂತ ತಗಡಿನ ಅಂಚಿಗೆ ಅಂಗೈ ಇಟ್ಟ. ಅದು ಗುಂಯ್ ಎನ್ನುತ್ತಿತ್ತು.

"ಖರೇ ಐತಿ" ಎಂದ. "ಆದ್ರ ಅಕ್ಕಾರ, ಮೊದಲನೇ ತಗಡು ಎಲ್ಲಿ ಕುಂದರಬೇಕಂತ ಯಾರು ಹೇಳ್ತಾರ? ಅಲ್ಲಿ ಒಂದು ಬಟ್ಟು ತಪ್ಪಿದ್ರ ಈ ತುದಿಗೆ ಒಂದು ಮೊಳ ತಪ್ಪತೈತಿ. ನಾ ಗೆರಿ ಹಾಕಂಗಿಲ್ಲ. ತಪ್ಪು ನಿಮ್ದು, ಗೆರೀನೂ ನಿಮ್ದ. ಮ್ಯಾಲ ಬರ್ರಿ."

"ನಾನಾ?"

"ಮತ್ತ ನಿಮ್ಮ ಕಂಪ್ಯೂಟರ ಏಣಿ ಹತ್ತತೈತೇನು?"

ಐವತ್ತನಾಲ್ಕು ವರ್ಷದ ವೀದಾ ಅಪ್ಪನ ಕೋಟಿನಲ್ಲಿ ಏಣಿ ಹತ್ತಿದಳು. ಅವಳ ಸೊಂಟಕ್ಕೆ ಗೊಯ್ಕೊ ತನ್ನ ಹಗ್ಗವನ್ನೇ ಕಟ್ಟಿದ. ಪಶ್ಚಿಮದ ತುದಿಯಲ್ಲಿ ಮೊಣಕಾಲೂರಿ ಕೂತು ಜೇಬಿನಿಂದ ದರ್ಜಿಯ ಟೇಪು, ಬಿಲ್ಲೆ ಸೀಮೆಸುಣ್ಣ ತೆಗೆದಳು. ಎರಡು ಸಲ ಅಳೆದು ಒಂದು ಗೆರೆ ಎಳೆದಳು. ಆಮೇಲೆ ಅವಳು ಕತ್ತೆತ್ತಿದ್ದು ಕೆಳಗಿದ್ದ ನನಗೂ ಕಂಡಿತು. ಅಲ್ಲಿಂದ ಡಾನ್ಯೂಬ್ ಕಾಣುತ್ತದೆ.

ಅವಳು ಇಳಿಯಲಿಲ್ಲ. ಮಧ್ಯಾಹ್ನದವರೆಗೂ ಮೇಲೆಯೇ ಕೂತು, ಬರುವ ಒಂದೊಂದು ತಗಡಿಗೂ "ತಿರುಗಿಸಿ, ಇನ್ನೂ ತಿರುಗಿಸಿ, ಹಾಂ" ಎನ್ನುತ್ತಿದ್ದಳು. ಕೊನೆಯ ತಗಡು ಗೆರೆಗೆ ಗೆರೆ ಸೇರಿದಾಗ ಗೊಯ್ಕೊ ಟೋಪಿ ತೆಗೆದು ಶಿಲುಬೆಯ ಗುರುತು ಹಾಕಿಕೊಂಡ.

ಹಗ್ಗ ಮೇಲೇರಿತು. ಗೊಯ್ಕೊ ಎಣಿಸಿ ಕೆಳಗೆ ಕೂಗಿದ:

"ಪೆರ್ಸಿದಕ್ಕಾ! ಒಂದು ಕಮ್ಮಿ ಐತಿ!"

"ಒಂಬತ್ತಿದೆಯಲ್ಲೋ! ಕಣ್ಣಿಗೆ ಗಾಳಿ ಹೊಡೀತಾ?"

"ಚಾವಣಿ ಮ್ಯಾಲ ಹತ್ತು ಮಂದಿ ದುಡದೀವಲ್ಲ!"

ವೀದಾ ಆಗಲೇ ಏಣಿಯ ಅರ್ಧಕ್ಕೆ ಇಳಿದಿದ್ದಳು. "ಬೇಡ ಮೇಸ್ತ್ರೀ, ತಪ್ಪು ಮಾಡಿದವಳಿಗೆ ಯಾಕೆ" ಎಂದಳು.

"ತಪ್ಪು ಮಾಡದ ಮೇಸ್ತ್ರಿ ಯಾವನು?" ಎಂದು ಅವನು ಗದರಿದ. "ಮಾಡಿ ಮುಚ್ಚಿಡೋರನ್ನ ಭಾಳ ಕಂಡೇನಿ. ಓಡಿ ಬಂದು ಹೇಳಿದೋರನ್ನ ಇವತ್ತ ಕಂಡೆ."

ಪೆರ್ಸಿದಾ ಎದುರಿನ ಬಟ್ಟೆ ಅಂಗಡಿಗೆ ಹೋಗಿ, ಗೂಟದಲ್ಲಿದ್ದ ನೀಲಿ ಗೀರಿನ ಒಂದು ಅಂಗಿ ಎಳೆದುಕೊಂಡು ಬಂದಳು. ಅಷ್ಟರಲ್ಲಿ ಕೆಳಗಿಳಿದಿದ್ದ ವೀದಾ ಕೈ ಚಾಚಿದಳು. ಪೆರ್ಸಿದಾ ಆ ಕೈಗೆ ಒಂದು ಏಟು ಕೊಟ್ಟಳು.

"ಕೈಗೆ ಯಾರು ಕೊಡ್ತಾರೆ? ಸ್ರೇತಾನ ಮಗಳಾಗಿ ಅಷ್ಟೂ ಗೊತ್ತಿಲ್ವಾ? ಮೇಲೆ ಹೋಗಲಿ ಮೊದಲು!"

ಅಂಗಿ ಮೇಲೆ ಹೋಯಿತು. ಕೊಶಾವಾ ಅದರ ತೋಳು ಹಿಡಿದು ಕುಣಿಸಿತು. ಹೂಕೋಸು ಕೊಳ್ಳಲು ಬಂದ ಮುದುಕರೊಬ್ಬರು ಕೋಲೂರಿ ನಿಂತು ಬೆರಳು ಮಡಿಸಿ ಎಣಿಸಿದರು. "ಹತ್ತು ಜನ ಕಟ್ಟಿದ್ದು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಹೋದರು. ವೀದಾ ಆ ಮಾತು ಕೇಳಿ ನನ್ನ ಹೆಗಲಿಗೆ ಮುಖ ಒರೆಸಿಕೊಂಡಳು.

ಸಂಜೆ ಅಂಗಿ ಇಳಿಸಿ ಕೊಟ್ಟೊಡನೆ ಅವಳು ಮಾಡಿದ ಮೊದಲ ಕೆಲಸ ಅದನ್ನು ಒಳಮಗ್ಗುಲಾಗಿಸಿ ಹೊಲಿಗೆ ನೋಡಿದ್ದು.

"ಅಯ್ಯೋ ದೇವರೇ, ಈ ಕಾಲರ್ ಯಾವ ಪುಣ್ಯಾತ್ಮ ಹೊಲಿದನೋ! ಕುಡಿದು ಕೂತಿದ್ದ ಅಂತ ಕಾಣತ್ತೆ."

"ನಾಳೆ ಬಿಚ್ಚಿ ಹೊಲಿ."

"ಕಾಲರ್ ನಾನು ನೋಡ್ಕೋತೀನಿ. ಕಾಜ ನೀನು ಹಾಕು. ಈ ಕಡೆ ಮುಚ್ಚಿ ಆ ಕಡೆ ತೆಗಿ. ನಾನು ಸಂತೆಗೆ ಬರೋ ದಾರೀಲಿ ಗಾಳಿ ಬಲಗಡೆಯಿಂದಲೇ ಬರೋದು."

ಆರು ಕಾಜ ಮುಚ್ಚಿ ಅಲ್ಲಿಗೆ ಗುಂಡಿ ಬದಲಿಸಿ, ಎದುರು ಕಡೆ ಹೆಂಗಸರ ರವಿಕೆಗಿರುವ ಹಾಗೆ ಆರು ಹೊಸದು ಕೈಯಲ್ಲೇ ಹಾಕಿಕೊಟ್ಟೆ. ಈ ಜನವರಿಯಲ್ಲಿ ಕೊಶಾವಾ ಏಳು ದಿನ ಬೀಸಿತು. ಏಳು ದಿನವೂ ನಾವು ಚಾವಣಿಯ ಕೆಳಗೆ ಕೂತು ವ್ಯಾಪಾರ ಮಾಡಿದೆವು. ಮೇಲೆ ಒಂದು ತಗಡೂ ಸದ್ದು ಮಾಡಲಿಲ್ಲ. ಏಳನೆಯ ದಿನ ವೀದಾ ಜೇನಿಗೆಂದು ಬಂದಳು. ಕೋಟು ಬಿಚ್ಚಿ ಹಿಡಿದುಕೊಂಡು, ಆ ನೀಲಿ ಗೀರಿನ ಅಂಗಿಯಲ್ಲೇ, ಇಡೀ ಸಂತೆಯನ್ನು ಒಂದು ಸುತ್ತು ಹಾಕಿದಳು. ಚಳಿಯಾಗುವುದಿಲ್ಲವೇ ಎಂದು ಪೆರ್ಸಿದಾ ಕೇಳಿದರೆ, ಇಲ್ಲ ಎಂದಳು.