ಕೈಯಿಂದ ಕೈಗೆ ಕೊಟ್ಟ ಚಾಕು

ಹೋದ ವರ್ಷದ ಗೌರಿ ಹಬ್ಬ. ಬಾಗಿನಕ್ಕೆಂದು ಮಿರ್ಲೆಯಿಂದ ನನ್ನ ತವರು ಹಂಪಾಪುರಕ್ಕೆ ಬೈಕಿನಲ್ಲಿ ಹೋಗಿದ್ದೆವು. ನಮ್ಮನೆಯವರೂ ನನ್ನ ತಮ್ಮ ಮಂಜನೂ ಏನೋ ಸಣ್ಣ ಮಾತಿಗೆ ಮುನಿಸಿಕೊಂಡು ಬಹಳ ಕಾಲ ಮಾತು ಬಿಟ್ಟಿದ್ದರು. ಆವತ್ತು ಅವರನ್ನು ಒಂದು ಮಾಡಿದ್ದು ನಾನಲ್ಲ, ಎರಡು ಚಾಕು.

ಇಬ್ಬರ ಜೇಬಿನಲ್ಲೂ ಎಟಿಎಂ ಕಾರ್ಡಿನಷ್ಟೇ ಇರುವ ತೆಳ್ಳನೆಯ ಚಾಕು. ಊಟವಾದದ್ದೇ ಜಗಲಿ ಮೇಲೆ ಪರೀಕ್ಷೆ ಶುರುವಾಯಿತು. ನಮ್ಮನೆಯವರದಕ್ಕೆ ಪ್ಲಾಸ್ಟಿಕ್ ಹಿಡಿ. ಜೇಬಿನಲ್ಲಿದ್ದರೂ ಇಲ್ಲದಷ್ಟು ಹಗುರ, ಆದರೆ ಎರಡು ಕೈ ಹಾಕಿ ಕಾರ್ಡನ್ನು ಹಿಡಿಯಾಗುವಂತೆ ಮಡಚಿದರೇ ಅದು ಚಾಕು ಆಗುವುದು. ಮಂಜನದು ಪೂರ್ತಿ ಸ್ಟೀಲು, ತುಸು ಭಾರ. ಹೆಬ್ಬೆರಳಲ್ಲಿ ತಳ್ಳಿದರೆ ಅಲಗು ಹೊರಗೆ ಬರುತ್ತದೆ. ಗೊಬ್ಬರದ ಚೀಲದ ದಾರ ಕುಯ್ದರು, ತೆಂಗಿನ ನಾರು ಕುಯ್ದರು, ಕೊನೆಗೆ ನನ್ನ ಒಬ್ಬಟ್ಟನ್ನೂ ಬಿಡಲಿಲ್ಲ. ಮಂಜ ತನ್ನದನ್ನು ಭಾವನ ಕೈಗೆ ಕೊಡಲು ಹೋದಾಗ ಗದರಿದೆ.

“ಚಾಕುವ ಕೈಯಿಂದ ಕೈಗೆ ಕೊಡಬ್ಯಾಡ ಕಣ್ಲಾ, ಜಗಳ ಆಯ್ತದೆ. ಕೆಳಗೆ ಮಡಗು, ಅವ್ರೇ ತಗತಾರೆ.”

ಈಗಷ್ಟೇ ಕೂಡಿದ ಸಂಬಂಧ, ನನಗೆ ಭಯ. ಆಮೇಲೆ ಇಬ್ಬರೂ ಕೆಳಗಿಟ್ಟೇ ಕೊಟ್ಟುಕೊಂಡರು.

ಸಂಜೆ ಹೊರಟೆವು. ಊರಾಚೆಯವರೆಗೆ ಕಳಿಸುತ್ತೇನೆಂದು ಮಂಜ ತನ್ನ ಬೈಕಿನಲ್ಲಿ ಹಿಂದೆಯೇ ಬಂದ. ಧೂಳಿಗೆಂದು ವೇಲನ್ನು ತಲೆಗೂ ಕುತ್ತಿಗೆಗೂ ಸುತ್ತಿಕೊಂಡಿದ್ದೆ. ರಸ್ತೆಯ ಹಂಪ್ ಹತ್ತಿರ ಬೈಕು ನಿಧಾನವಾಯಿತು ನೋಡಿ, ಯಾರೋ ಹಿಂದಿನಿಂದ ಕುತ್ತಿಗೆ ಹಿಡಿದು ಎಳೆದಂತಾಯಿತು. ವೇಲಿನ ತುದಿ ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತ್ತು. ಬೈಕು ನಿಂತಿತು, ನಾನು ಚಕ್ರದ ಪಕ್ಕಕ್ಕೆ ಜಾರಿ ಬಿದ್ದೆ. ಉಸಿರು ಎಳೆಯಲು ಆಗುತ್ತಿಲ್ಲ, ಕೂಗಲು ದನಿಯಿಲ್ಲ.

ಮಂಜ ಓಡಿಬಂದು, ವಾಲುತ್ತಿದ್ದ ಬೈಕನ್ನು ಮೈಕೊಟ್ಟು ಹಿಡಿದ. ನಮ್ಮನೆಯವರು ಒಂದು ಕೈಯ ಬೆರಳುಗಳನ್ನು ವೇಲಿಗೂ ನನ್ನ ಕುತ್ತಿಗೆಗೂ ನಡುವೆ ತೂರಿಸಿದರು. ಆ ಕೈ ತೆಗೆದರೆ ವೇಲು ಬಿಗಿಯುತ್ತದೆ. ಇನ್ನೊಂದು ಕೈಯಲ್ಲಿ ತಮ್ಮ ಚಾಕು ಬಿಚ್ಚಲು ಒದ್ದಾಡಿದರು. ಒಂದೇ ಕೈಯಲ್ಲಿ ಅದನ್ನು ಮಡಚಲು ಆಗಲಿಲ್ಲ, ಜಾರಿ ಎಲ್ಲಿಗೋ ಹೋಯಿತು. ನಿನ್ನದು ಕೊಡು ಎಂದು ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚಿದರು. ಮಂಜ ಒಂದೇ ಕೈಯಲ್ಲಿ ಅಲಗು ತೆರೆದ. ತೆರೆದವನು ಚಾಕುವನ್ನು ಕೆಳಗೆ, ಅವರ ಮಂಡಿ ಪಕ್ಕ, ರಸ್ತೆ ಮೇಲೆ ಇಟ್ಟ.

ಆ ಖಾಲಿ ಅಂಗೈ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅವರ ಕಣ್ಣು ನನ್ನ ಕುತ್ತಿಗೆ ಮೇಲೆ. ಕೆಳಗಿಟ್ಟೆ ಎಂದು ಹೇಳಲು ಗಾಬರಿಯಲ್ಲಿ ಮಂಜನಿಗೆ ತೋಚಲಿಲ್ಲ. ಚಾಕು ಅಲ್ಲಿರುವುದು ಕಂಡದ್ದು ನನಗೆ, ನನಗೆ ಮಾತಿಲ್ಲ. ಕಣ್ಣು ಕತ್ತಲಿಡುತ್ತಿತ್ತು. ಹೇಗೆ ಕೈ ಚಾಚಿದೆನೋ ದೇವರಿಗೇ ಗೊತ್ತು, ಚಾಕು ಎತ್ತಿ ನೇರವಾಗಿ ಅವರ ಅಂಗೈಗೆ ಒತ್ತಿದೆ. ಒಂದೇ ಎಳೆತಕ್ಕೆ ವೇಲು ಹರಿಯಿತು.

ನಾನು ಕೆಮ್ಮುತ್ತಾ ಕೂತಿದ್ದರೆ ಮಂಜ ಮಗುವಿನ ಹಾಗೆ ಅಳುತ್ತಿದ್ದ. “ನೀನೇ ಕೆಳಗೆ ಮಡಗು ಅಂದಿದ್ದಲ್ಲ ಅಕ್ಕ, ಅದ್ಕೇ ಮಡಗ್ಬುಟ್ಟೆ,” ಅಂದ.

ಇವತ್ತಿಗೂ ಬೈಕು ಹತ್ತುವಾಗ ಸೆರಗು, ವೇಲು ಎಲ್ಲ ಸೊಂಟಕ್ಕೆ ಸಿಕ್ಕಿಸಿಕೊಂಡು ಮೂರು ಸಲ ಮುಟ್ಟಿ ನೋಡುತ್ತೇನೆ. ಕೈಯಿಂದ ಕೈಗೆ ಚಾಕು ಕೊಟ್ಟೆನಲ್ಲ, ಜಗಳವಾಯಿತೇ ಎಂದು ಕೇಳಿದರೆ, ಆಯಿತು. ದೀಪಾವಳಿಗೆ ಬಂದ ಮಂಜನೂ ನಮ್ಮನೆಯವರೂ ಯಾವ ಚಾಕು ಮೇಲು ಎಂದೇ ದನಿಯೆತ್ತಿ ಜಗಳವಾಡಿದರು. ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ, ಬಿಡಿಸಲು ಹೋಗಲಿಲ್ಲ. ಜಗಳ ಕೇಳಿಸಿಕೊಳ್ಳುವುದಕ್ಕೂ ಉಸಿರಿರಬೇಕಲ್ಲ.