ಮಟ್ಟ ಮಾಡಿದ ನೆಲ

ನಮ್ಮ ಬೀದಿಯಲ್ಲಿ ಚರಂಡಿ ತೋಡಲು ಬೆಳಿಗ್ಗೆ ಜೆಸಿಬಿ ಬಂತು. ಡೀಸೆಲ್ ಹೊಗೆಯ ಜೊತೆ ಹಸಿ ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಗೇಟು ಹಿಡಿದುಕೊಂಡು ನಿಂತುಬಿಟ್ಟೆ. ಎದುರು ಮನೆಯ ಸುಬೇದಾರ್ ತಾತ ನೆನಪಾದರು…

ತಾತ ಸೈನ್ಯದಿಂದ ನಿವೃತ್ತರಾಗಿ ಬಂದು ತೆಂಗಿನ ತೋಟ ನೋಡಿಕೊಂಡಿದ್ದವರು. ಕಿಬ್ಬನಹಳ್ಳಿಯ ಆಚೆ ಮಾಜಿ ಸೈನಿಕರಿಗೆಂದು ಸರ್ಕಾರ ಬಿಟ್ಟುಕೊಟ್ಟ ಸ್ಮಶಾನದಲ್ಲಿ ಅವರ ಪಲ್ಟನ್ನಿನ ಗೆಳೆಯನನ್ನು ಹೂತಿದ್ದರು. ಅದರ ಪಕ್ಕದ ಜಾಗ ತನಗೆಂದು ತಾತ ಒಂದು ಕಲ್ಲು ನೆಟ್ಟಿದ್ದರು. ವರ್ಷಗಟ್ಟಲೆ ಯಾವ ಅಧಿಕಾರಿಯೂ ಅತ್ತ ತಲೆ ಹಾಕಲಿಲ್ಲ. ಲಂಟಾನ ಸವರಿ ಬೇಲಿ ಕಟ್ಟಿದವರು ತಾತನೇ. ಆಮೇಲೆ ಮಂತ್ರಿಗಳು ಬರುತ್ತಾರೆಂಬ ಸುದ್ದಿ ಬಂತು. ಸರ್ಕಾರಕ್ಕೆ ಯೋಧರ ಮೇಲೆ ಥಟ್ಟನೆ ಪ್ರೀತಿ ಉಕ್ಕಿತು. ಕಾಮಗಾರಿ ಫಲಕದಲ್ಲಿ ಮಂತ್ರಿಗಳ ನಗುಮುಖವಿತ್ತು. ಏನು ಕೆಲಸ, ಯಾರ ಗುತ್ತಿಗೆ, ಯಾರ ಆದೇಶ ಎಂಬ ಸಾಲುಗಳೆಲ್ಲ ಖಾಲಿ.

ತಾತನ ಜೊತೆ ನಾನೂ ಹೋದೆ. ಸಮಾರಂಭಕ್ಕೆ ಕುರ್ಚಿ ಹಾಕಬೇಕೆಂದು ಜೆಸಿಬಿ ಸಮಾಧಿಗಳ ದಿಬ್ಬ ಕೆರೆದು ನೆಲ ಮಟ್ಟ ಮಾಡುತ್ತಿತ್ತು. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಆಳದ ಗುಂಡಿಯಲ್ಲಿ ಗೂಡು ಕೊರೆದು ಕೂರಿಸುತ್ತೇವೆ. ಒಳಗೆ ಗೂಡು ಟೊಳ್ಳಾಗಿರುವುದರಿಂದ ಸಮಾಧಿಯ ಮಣ್ಣು ಎಷ್ಟೋ ಮಳೆಗಾಲ ಕುಸಿಯುತ್ತಲೇ ಇರುತ್ತದೆ. ಅಲ್ಲಿ ನಿಂತು ಕೆಲಸ ಮಾಡಿಸುತ್ತಿದ್ದ ಎಂಜಿನಿಯರನಿಗೆ ಇದು ಗೊತ್ತಿಲ್ಲದ್ದೇನಲ್ಲ. ಅವನೂ ನಮ್ಮವನೇ, ತನ್ನ ತಂದೆಯನ್ನು ಹಾಗೆಯೇ ಕೂರಿಸಿ ಮಣ್ಣು ಹಾಕಿದವನು.

ತಾತ ಆದೇಶ ತೋರಿಸೆಂದರು. ಅವನು ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ಮೇಲಿಂದ ಬಂದೈತೆ ಕಣ್ರೀ, ಪಕ್ಕಕ್ಕೆ ಬನ್ನಿ" ಎಂದ.

ತಾತ ಹೋಗಿ ಗೆಳೆಯನ ಸಮಾಧಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. "ನಿಮ್ಮಪ್ಪನ ಮೇಲೂ ಹಿಂಗೇ ಓಡ್ಸಿದ್ಯೇನ್ಲಾ?"

ಬದಿಯಿಂದ ನುಗ್ಗಿಸು ಎಂದು ಅವನು ಡ್ರೈವರಿಗೆ ಕೈ ಮಾಡಿದ. ಮುಂದಿನ ಚಕ್ರ ಸಮಾಧಿಯ ಅಂಚು ಹತ್ತಿತು. ನೆಲ ಒಳಕ್ಕೆ ಹೋಯಿತು. ಯಂತ್ರ ವಾಲಿತು, ಬಕೆಟ್ಟು ತಾತನ ಮೊಣಕಾಲ ಪಕ್ಕಕ್ಕೇ ಬಡಿಯಿತು… ನಾನು ಅವರ ತೋಳು ಹಿಡಿದು ಎಳೆದೆನೋ, ಅವರೇ ಹಿಂದಕ್ಕೆ ಬಿದ್ದರೋ, ಇವತ್ತಿಗೂ ತಿಳಿಯದು. ಆ ಸದ್ದು ಮಾತ್ರ ಈಗಲೂ ಕೇಳುತ್ತದೆ. ಎಂಜಿನಿಯರ್ ಓಡಿಬಂದ. ತಾತನ ಕಡೆಗಲ್ಲ, ಯಂತ್ರದ ಕಡೆಗೆ.

ತಾತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರು. ಸದರಿ ಜಾಗದಲ್ಲಿ ಸಮಾಧಿಗಳಿರುವ ಬಗ್ಗೆ ಮಾಹಿತಿ ಲಭ್ಯವಿಲ್ಲ ಎಂದು ಉತ್ತರ ಬಂತು. ಜಗಲಿಯ ಮೇಲೆ ಕೂತು ಅದನ್ನು ಓದಿ ನಕ್ಕರು. "ಸತ್ತೋರೇ ಇಲ್ವಂತೆ ಕಣಪ್ಪ. ಎಲ್ಲಾ ಎದ್ದು ಮನೆಗೋದ್ರೇನೋ, ಬುಡು."

ಅವರು ನೆಟ್ಟ ಕಲ್ಲೂ ಮಣ್ಣಿನ ಜೊತೆ ಹೋಗಿತ್ತು. ನನ್ನನ್ನು ಅಲ್ಲಿ ಇಡಬೇಡಿ ಎಂದು ಮಕ್ಕಳಿಗೆ ಹೇಳಿಯೇ ತಾತ ಹೋದರು. ಗೆಳೆಯನ ಪಕ್ಕ ಬಿಟ್ಟು, ತೋಟದ ಮೂಲೆಯಲ್ಲಿ ಒಬ್ಬರೇ ಕೂತಿದ್ದಾರೆ…

ಸ್ಮಶಾನಕ್ಕೀಗ ಗ್ರಾನೈಟಿನ ಕಮಾನಿದೆ. ಮಂತ್ರಿಯಿಂದ ಎಂಜಿನಿಯರನವರೆಗೆ ಎಲ್ಲರ ಹೆಸರಿಗೂ ಚಿನ್ನದ ಬಣ್ಣ ಬಳಿದಿದ್ದಾರೆ. ಮಣ್ಣೊಳಗೆ ಕೂತವರಲ್ಲಿ ಒಬ್ಬರ ಹೆಸರೂ ಇಲ್ಲ.

ಬೆಳಿಗ್ಗೆ ಜೆಸಿಬಿ ನಮ್ಮ ಗೇಟಿನ ಹತ್ತಿರ ಬಂದಾಗ, "ಪಕ್ಕಕ್ಕೆ ಬನ್ನಿ ಸಾರ್" ಎಂದ ಡ್ರೈವರ್. ಎದುರು ಮನೆಯ ಜಗಲಿ ಖಾಲಿಯಿತ್ತು. ನಾನು ಪಕ್ಕಕ್ಕೆ ಬಂದೆ.